ಯಾವ ಮಗ್ಗುಲಿಗೆ ಏಟು? ಲೋಹದೊಳಗಿನ ಹರಳುಗಳ ಕಥೆ

ಬಾಗಳಿಯ ಕುಲುಮೆಯಿಂದ ಬೆಂಗಳೂರಿನ ಲ್ಯಾಬ್‌ವರೆಗೆ: ಮೆಗ್ನೀಷಿಯಂ ಸರಳುಗಳ ಜೊತೆ ಗುದ್ದಾಡುತ್ತಿರುವ ಸಂಶೋಧನಾ ವಿದ್ಯಾರ್ಥಿನಿಯೊಬ್ಬರ ಮಾತು. ಆಡಿಯೋ ಸಂಚಿಕೆಯ ಬರಹ ರೂಪ ಇಲ್ಲಿದೆ. ಓದಲು ಅನುಕೂಲವಾಗಲೆಂದು ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.

ಬಸ್ಸಲ್ಲಿದ್ದೀರೋ, ಹಾಸ್ಟೆಲ್ ರೂಮಲ್ಲಿದ್ದೀರೋ, ಇಯರ್‌ಫೋನ್ ಹಾಕ್ಕೊಂಡು ಪಾತ್ರೆ ತೊಳೀತಿದ್ದೀರೋ ಗೊತ್ತಿಲ್ಲ. ಹತ್ತಿರದಲ್ಲಿ ಒಂದು ಚಮಚವೋ, ಮನೆ ಬೀಗದ ಕೈಯೋ ಇದ್ದರೆ ಕೈಗೆ ತಗೊಳ್ಳಿ. ಇವತ್ತಿನ ಮಾತು ಅದರ ಒಳಗೆ ಏನಿದೆ ಅನ್ನೋದರ ಬಗ್ಗೆ. ಜೊತೆಗೆ, ಅದು ಗೊತ್ತಿದ್ದೂ ನಾನು ಮಾಡಿದ ಒಂದು ತಪ್ಪಿನ ಬಗ್ಗೆ.

ನಾನು ಬಾಗಳಿಯವಳು, ಹರಪನಹಳ್ಳಿ ತಾಲ್ಲೂಕು. ನಾನು ಹುಟ್ಟಿದಾಗ ನಮ್ಮದು ದಾವಣಗೆರೆ ಜಿಲ್ಲೆ. ಕಾಲೇಜಿಗೆ ಹೋಗುವ ಹೊತ್ತಿಗೆ ಬಳ್ಳಾರಿ. 2021ರಿಂದ ವಿಜಯನಗರ. ಊರು ಇದ್ದಲ್ಲೇ ಇದೆ, ವಿಳಾಸ ಮಾತ್ರ ತಿರುಗ್ತಾ ಇದೆ. ಹೊರಗಿನವರು ನಮ್ಮೂರಿಗೆ ಬರೋದು ಕಲ್ಲೇಶ್ವರ ಗುಡಿ ನೋಡೋಕೆ. ಹತ್ತನೇ ಶತಮಾನದ, ಚಾಲುಕ್ಯರ ಕಾಲದ ಗುಡಿ ಅದು. ಅಲ್ಲಿಂದ ಸ್ವಲ್ಪ ಆಚೆ ನಮ್ಮಜ್ಜನ ಕುಲುಮೆ ಇತ್ತು. ಕುಳ ಹಣಿಯೋದು, ಕುಡಗೋಲು, ಕೊಡಲಿ, ಇಂಥವು. ನಾನು ಸಣ್ಣವಳಿದ್ದಾಗ ತಿದಿ ಹೋಗಿ ಕೈಯಲ್ಲಿ ತಿರುಗಿಸೋ ಬ್ಲೋವರ್ ಬಂದಿತ್ತು. ಶಾಲೆ ಬಿಟ್ಟ ಮೇಲೆ ಅದನ್ನ ತಿರುಗಿಸೋ ಕೆಲಸ ನನ್ನದು ಮತ್ತು ತಮ್ಮನದು.

ಈಗ ಬೆಂಗಳೂರಿನ ಒಂದು ಲ್ಯಾಬಲ್ಲಿ ಪಿಎಚ್‌ಡಿ ಮಾಡ್ತಿದ್ದೀನಿ. ವಿಷಯದ ಹೆಸರು ದೊಡ್ಡದು: ಸಿವಿಯರ್ ಪ್ಲಾಸ್ಟಿಕ್ ಡಿಫರ್ಮೇಶನ್. ಅಂದ್ರೆ ಲೋಹವನ್ನ ಒತ್ತಿ, ತಿರುಚಿ, ಅತಿಯಾಗಿ ಹಿಂಸೆ ಕೊಟ್ಟು, ಆಮೇಲೆ ಒಳಗೆ ಏನಾಯ್ತು ಅಂತ ನೋಡೋದು. ಇದನ್ನ ಕೇಳಿ ಅಮ್ಮ ಅಂದಿದ್ದು ಒಂದೇ ಮಾತು: “ಇಷ್ಟು ಓದಿ ನೀನೂ ಕಬ್ಬಿಣನೇ ಬಡಿಯೋದಾ?”

ಗುಡಿಯ ಕಂಬ, ಜಾತ್ರೆಯ ಜನ

ಉಪ್ಪು, ಸಕ್ಕರೆ ಹರಳು ಅಂತ ನಮಗೆಲ್ಲ ಗೊತ್ತು. ಲೋಹವೂ ಹರಳೇ ಅಂದ್ರೆ ಸುಮಾರು ಜನ ನಂಬಲ್ಲ. ಸತುವಿನ ಲೇಪ ಇರೋ ತಗಡಿನ ಬಕೆಟ್ ನೋಡಿದ್ದೀರಲ್ಲ? ಅದರ ಮೇಲೆ ಹೂವು ಬಿಡಿಸಿದ ಹಾಗೆ ಮಿನುಗೋ ಪಟ್ಟೆಗಳಿರುತ್ತವೆ. ಒಂದೊಂದು ಪಟ್ಟೆಯೂ ಸತುವಿನ ಒಂದೊಂದು ಹರಳು. ಬೇರೆ ಲೋಹಗಳಲ್ಲಿ ಈ ಹರಳುಗಳು ಕಣ್ಣಿಗೆ ಕಾಣದಷ್ಟು ಸಣ್ಣವು. ನಾವು ಅವನ್ನ ‘ಗ್ರೇನ್’, ಕಣ ಅಂತೀವಿ.

ಒಂದು ಕಣದ ಒಳಗೆ ಪರಮಾಣುಗಳು ಸಾಲು ಹಿಡಿದು ನಿಂತಿರುತ್ತವೆ. ನಮ್ಮೂರ ಗುಡಿಯ ಸಭಾಮಂಟಪ ನೆನಪಿಗೆ ಬರುತ್ತೆ. ಒಂದು ಜಾಗದಲ್ಲಿ ನಿಂತರೆ ಕಂಬಗಳೆಲ್ಲ ಒಂದರ ಹಿಂದೆ ಒಂದು ಸೇರಿ, ನಡುವೆ ಉದ್ದಕ್ಕೂ ಓಣಿಗಳು ತೆರೆದುಕೊಳ್ತವೆ. ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಓಣಿ ಮಾಯ, ಎಲ್ಲ ಕಂಬ ಚೆಲ್ಲಾಪಿಲ್ಲಿ ಇಟ್ಟ ಹಾಗೆ ಕಾಣುತ್ತೆ. ಚಿಕ್ಕೋರಿದ್ದಾಗ ಕಣ್ಣಾಮುಚ್ಚಾಲೆ ಆಡ್ತಾ ನಾವು ಆ ಓಣಿಗಳಲ್ಲೇ ಓಡ್ತಿದ್ದಿದ್ದು. ಹರಳಲ್ಲೂ ಹೀಗೇ. ಕೆಲವು ದಿಕ್ಕಿಗೆ ಓಣಿ ತೆರೆದಿರುತ್ತೆ, ಕೆಲವು ದಿಕ್ಕಿಗೆ ಇಲ್ಲ. ಲೋಹ ಬಗ್ಗುವಾಗ ಪರಮಾಣುಗಳ ಪದರಗಳು ತೆರೆದಿರೋ ಕಡೆಗೇ ಒಂದರ ಮೇಲೊಂದು ಜಾರ್ತವೆ, ಇಸ್ಪೀಟ್ ಎಲೆ ಜಾರಿದ ಹಾಗೆ.

ಇನ್ನೊಂದು ಸಂಗತಿ. ಒಂದು ಚಮಚದಲ್ಲಿ ಲೆಕ್ಕವಿಲ್ಲದಷ್ಟು ಕಣಗಳಿವೆ. ಒಂದೊಂದರ ಓಣಿಯೂ ಒಂದೊಂದು ಕಡೆಗೆ. ಕೊಟ್ಟೂರು ಗುರುಬಸವೇಶ್ವರನ ತೇರಿಗೆ ಹೋದವರು ಇದನ್ನ ಕಣ್ಣಿಗೆ ಕಟ್ಟಿಕೊಳ್ಳಿ. ತೇರು ಎಳೆಯೋಕೆ ಮುಂಚೆ ಜನ ಒಬ್ಬೊಬ್ಬರು ಒಂದೊಂದು ಕಡೆ ಮುಖ ಮಾಡಿರ್ತಾರೆ. ಒಬ್ಬ ಮಂಡಕ್ಕಿ ಅಂಗಡಿ ಕಡೆ, ಒಬ್ಬ ಕಳೆದುಹೋದ ಚಪ್ಪಲಿ ಕಡೆ. ತೇರಿನ ಗಾಲಿ ಕದಲಿತು ಅನ್ನಿ, ಎಲ್ಲರ ಮುಖವೂ ಒಂದೇ ಕಡೆಗೆ. ಲೋಹದ ಕಣಗಳು ಹೀಗೆ ಬಹುಮಟ್ಟಿಗೆ ಒಂದೇ ದಿಕ್ಕಿಗೆ ಮುಖ ಮಾಡಿದಾಗ ನಾವು ‘ಟೆಕ್ಸ್‌ಚರ್ ಇದೆ’ ಅಂತೀವಿ. ಬಟ್ಟೆ ಒರಟಾಗಿದೆ, ನುಣುಪಾಗಿದೆ ಅನ್ನೋ ಟೆಕ್ಸ್‌ಚರ್ ಇದಲ್ಲ. ಇದು ಹರಳುಗಳ ಮುಖ ಯಾವ ಕಡೆಗಿದೆ ಅನ್ನೋ ಲೆಕ್ಕ.

ಹೊಲದ ಟಿಸಿಯ ಒಳಗೂ ಇದೇ ಕಥೆ

ಇದರಿಂದ ಯಾರಿಗೇನು ಲಾಭ ಅಂತ ಕೇಳಿದರೆ ನಾನು ಹೊಲದ ಟಿಸಿ ತೋರಿಸ್ತೀನಿ. ಟ್ರಾನ್ಸ್‌ಫಾರ್ಮರ್ ಅಂದರೆ ನಮ್ಮ ಕಡೆ ಯಾರಿಗೂ ಗೊತ್ತಾಗಲ್ಲ, ಟಿಸಿ ಅನ್ನಬೇಕು. ಅದು ಸುಟ್ಟರೆ ಬೆಳೆಯೇ ಒಣಗುತ್ತೆ. ಅದರ ಒಳಗಿನ ತಿರುಳು ಸುಮಾರು 3 ಶೇಕಡ ಸಿಲಿಕಾನ್ ಇರೋ ಉಕ್ಕಿನ ತೆಳ್ಳನೆಯ ಹಾಳೆಗಳ ಅಟ್ಟಿ. ಕಬ್ಬಿಣದ ಹರಳಿಗೆ ಒಂದು ಗುಣ ಇದೆ: ಅದರ ಚೌಕದ ಅಂಚಿನ ದಿಕ್ಕಿಗೆ ಕಾಂತತ್ವ ಸುಲಭವಾಗಿ ಹರಿಯುತ್ತೆ, ಬೇರೆ ದಿಕ್ಕಿಗೆ ತ್ರಾಸಪಡುತ್ತೆ. ಎಲ್ಲ ಹರಳುಗಳ ಆ ಅಂಚೂ ಹಾಳೆಯ ಉದ್ದಕ್ಕೇ ಇರೋ ಹಾಗೆ ಮಾಡಿದರೆ ಕರೆಂಟು ಬಿಸಿಯಾಗಿ ಪೋಲಾಗೋದು ಕಡಿಮೆ. ಹಾಳೆಯನ್ನ ಉರುಳುಗಳ ನಡುವೆ ಒತ್ತಿ, ಕಾಯಿಸಿ, ಮತ್ತೆ ಒತ್ತಿ ಇದನ್ನ ಸಾಧಿಸೋ ವಿಧಾನಕ್ಕೆ ಅಮೆರಿಕದ ನಾರ್ಮನ್ ಗಾಸ್ 1934ರಲ್ಲಿ ಪೇಟೆಂಟ್ ಪಡೆದರು. ಆ ಟೆಕ್ಸ್‌ಚರ್‌ಗೆ ಇವತ್ತಿಗೂ ಅವರದೇ ಹೆಸರು.

ಈ ಬಗೆಯ ಉಕ್ಕನ್ನ ನಮ್ಮ ಪಕ್ಕದ ಬಳ್ಳಾರಿ ಜಿಲ್ಲೆಯಲ್ಲೇ ತಯಾರಿಸೋಕೆ ಜೆಎಸ್‌ಡಬ್ಲ್ಯು ಮತ್ತು ಜಪಾನಿನ ಜೆಎಫ್‌ಇ ಕಂಪನಿಗಳು 2023ರಲ್ಲಿ ಒಪ್ಪಂದ ಮಾಡಿಕೊಂಡವು. ನಮ್ಮ ಕಡೆಯ ಐಟಿಐ, ಡಿಪ್ಲೊಮಾ ಹುಡುಗರು ನಾಳೆ ಇಂಥ ಜಾಗದಲ್ಲಿ ಕೆಲಸಕ್ಕೆ ಹೋಗಬಹುದು. ಹಾಗಾಗಿ ಹರಳುಗಳ ದಿಕ್ಕು ಅನ್ನೋದು ಪುಸ್ತಕದ ಬದನೆಕಾಯಿ ಅಂತ ತಿಳೀಬೇಡಿ.

ಎಲ್ ಆಕಾರದ ಸುರಂಗ

ಉರುಳಲ್ಲಿ ಒತ್ತಿದರೆ ಹಾಳೆ ತೆಳ್ಳಗಾಗ್ತಾ ಹೋಗುತ್ತೆ, ಒಂದು ಹಂತದಲ್ಲಿ ಮುಗೀತು. ಹಾಗಾದ್ರೆ ಆಕಾರ ಕೆಡದ ಹಾಗೆ ಲೋಹಕ್ಕೆ ಎಷ್ಟು ಬೇಕಾದರೂ ಏಟು ಕೊಡೋದು ಹೇಗೆ? ಅಮೆರಿಕದ ಭೌತವಿಜ್ಞಾನಿ ಪರ್ಸಿ ಬ್ರಿಜ್‌ಮನ್ ಭಾರೀ ಒತ್ತಡದಲ್ಲಿ ಲೋಹದ ಬಿಲ್ಲೆಗಳನ್ನ ತಿರುಚಿ ನೋಡಿದ್ದರು. ಭಾರೀ ಒತ್ತಡದ ಕೆಲಸಗಳಿಗಾಗಿ ಅವರಿಗೆ 1946ರ ನೊಬೆಲ್ ಬಂತು. ಆಮೇಲೆ 1970ರ ದಶಕದಲ್ಲಿ, ಆಗಿನ ಸೋವಿಯತ್ ಒಕ್ಕೂಟದ ಮಿನ್ಸ್ಕ್‌ನಲ್ಲಿ, ವ್ಲಾದಿಮಿರ್ ಸೆಗಲ್ ಒಂದು ಸರಳ ಉಪಾಯ ಹುಡುಕಿದರು.

ಗಟ್ಟಿ ಉಕ್ಕಿನ ಅಚ್ಚಿನಲ್ಲಿ ಎಲ್ ಆಕಾರದ ಸುರಂಗ ಇದೆ ಅಂದುಕೊಳ್ಳಿ. ಮೇಲಿಂದ ಇಳಿದು, 90 ಡಿಗ್ರಿ ತಿರುಗಿ, ಪಕ್ಕಕ್ಕೆ ಹೊರಬರುತ್ತೆ. ಉದ್ದಕ್ಕೂ ಒಂದೇ ಅಗಲ. ಅದರೊಳಗೆ ಲೋಹದ ಸರಳು ಇಟ್ಟು ಪ್ರೆಸ್ಸಿನಿಂದ ತಳ್ಳಬೇಕು. ಮೂಲೆ ತಿರುಗುವಾಗ ಸರಳು ಓರೆಯಾಗಿ ಕತ್ತರಿಸಿಕೊಂಡ ಹಾಗೆ ಜಾರುತ್ತೆ. ಹೊರಗೆ ಬಂದಾಗ ದಪ್ಪ ಮೊದಲಿನಷ್ಟೇ. ಹಾಗಾಗಿ ಮತ್ತೆ ಅದೇ ಸುರಂಗಕ್ಕೆ ಹಾಕಬಹುದು. ನಾಲ್ಕು ಸಲ, ಎಂಟು ಸಲ. ಇದಕ್ಕೆ ಈಕ್ವಲ್ ಚಾನೆಲ್ ಆಂಗ್ಯುಲರ್ ಪ್ರೆಸ್ಸಿಂಗ್, ಬಾಯಿಮಾತಲ್ಲಿ ‘ಇಕ್ಯಾಪ್’ ಅಂತೀವಿ.

ಒಳಗೆ ಎರಡು ಕೆಲಸ ಆಗುತ್ತೆ. ಒಂದು, ದೊಡ್ಡ ಕಣಗಳು ಒಡೆದು ಸಣ್ಣವಾಗ್ತವೆ. ಶುದ್ಧ ಅಲ್ಯೂಮಿನಿಯಂ ಆದರೆ ನಾಲ್ಕೇ ಸಲಕ್ಕೆ ಕಣದ ಗಾತ್ರ ಸುಮಾರು 1 ಮೈಕ್ರಾನ್‌ಗೆ, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕೆ ಇಳಿಯುತ್ತೆ. ಕಣ ಸಣ್ಣದಾದಷ್ಟೂ ಲೋಹ ಗಟ್ಟಿ. ಹೊಲದಲ್ಲಿ ಬದು ಹೆಚ್ಚಿದಷ್ಟೂ ಓಡೋದು ಕಷ್ಟ ಅಲ್ವಾ, ಹಾಗೇ ಪದರಗಳ ಜಾರಾಟಕ್ಕೆ ಪ್ರತಿ ಕಣದ ಗಡಿಯೂ ಒಂದು ಬದು. ಎರಡನೇದು ಟೆಕ್ಸ್‌ಚರ್. ಜಾರುವಾಗ ಕಣಗಳು ತಾವೂ ತಿರುಗ್ತವೆ. ತಮ್ಮ ಜಾರೋ ಪದರ ಸುರಂಗದ ಮೂಲೆಯ ಓರೆಗೆ ಹೊಂದೋ ಹಾಗೆ ಮುಖ ಬದಲಿಸ್ತವೆ.

ಮೊದಲನೇ ಕೆಲಸ ಎಲ್ಲರಿಗೂ ಇಷ್ಟ. ಗಟ್ಟಿ ಆಯ್ತು, ಸಣ್ಣ ಕಣ ಬಂತು, ಚೆಂದದ ಫೋಟೋ ಸಿಕ್ಕಿತು. ಎರಡನೇದು ತಲೆನೋವು. ನನ್ನ ಕಥೆ ಈ ತಲೆನೋವಿನದು.

ತಮ್ಮನ ಕಾಲು, ನನ್ನ ಸರಳು

ನನ್ನ ಲೋಹ ಮೆಗ್ನೀಷಿಯಂ. ಅಲ್ಯೂಮಿನಿಯಂನ ಮೂರರಲ್ಲಿ ಎರಡು ಪಾಲು ತೂಕ, ಕಬ್ಬಿಣದ ಕಾಲು ಪಾಲಿಗಿಂತ ಕಡಿಮೆ. ನಾನು ಇದನ್ನ ಆರಿಸಿಕೊಳ್ಳೋಕೆ ಕಾರಣ ತಮ್ಮ. ಬೈಕಿಂದ ಬಿದ್ದು ಕಾಲು ಮುರೀತು. ಪ್ಲೇಟು, ಸ್ಕ್ರೂ ಹಾಕಿದರು. ಮೂಳೆ ಕೂಡಿದ ಮೇಲೆ ಅದನ್ನ ತೆಗೆಯೋಕೆ ಇನ್ನೊಂದು ಆಪರೇಷನ್. ಮತ್ತೆ ಸಾಲ, ಮತ್ತೆ ಎರಡು ತಿಂಗಳು ಕೂಲಿ ಇಲ್ಲ. ಮೆಗ್ನೀಷಿಯಂ ಸ್ಕ್ರೂ ಆದರೆ ದೇಹದಲ್ಲೇ ನಿಧಾನಕ್ಕೆ ಕರಗಿಹೋಗುತ್ತೆ. 2013ರಲ್ಲಿ ಜರ್ಮನಿಯ ಕಂಪನಿಯೊಂದರ ಅಂಥ ಸ್ಕ್ರೂಗೆ ಯುರೋಪಿನಲ್ಲಿ ಅನುಮತಿಯೂ ಸಿಕ್ಕಿತು. ಆದರೆ ಅದು ಸಣ್ಣ ಮೂಳೆಗಳಿಗೆ. ತೊಡೆಯಂಥ ಭಾರ ಹೊರೋ ಮೂಳೆಗೆ ಇನ್ನೂ ಗಟ್ಟಿಯಾಗಿದ್ದು, ಥಟ್ಟನೆ ಮುರೀದೆ ಇರೋ ಲೋಹ ಬೇಕು.

ಮೆಗ್ನೀಷಿಯಂನ ಕಷ್ಟ ಏನಂದ್ರೆ ಅದರಲ್ಲಿ ಓಣಿ ಕಡಿಮೆ. ಯಾವ ಆಕಾರಕ್ಕೆ ಬೇಕಾದರೂ ಬಗ್ಗಬೇಕಾದರೆ ಒಂದು ಹರಳಿಗೆ ಐದು ಸ್ವತಂತ್ರ ಜಾರುದಾರಿ ಬೇಕು. ಮೆಗ್ನೀಷಿಯಂಗೆ ತಣ್ಣಗಿದ್ದಾಗ ಸಲೀಸಾಗಿ ಸಿಗೋದು ಎರಡೇ, ಅವೂ ಒಂದೇ ಪದರದ ಮೇಲೆ. ಉರುಳಲ್ಲಿ ಒತ್ತಿದರೆ ಆ ಪದರಗಳೆಲ್ಲ ಹಾಳೆಗೆ ಸಮವಾಗಿ ಮಲಗಿಬಿಡ್ತವೆ. ಆಮೇಲೆ ಹಾಳೆ ಇನ್ನೂ ತೆಳ್ಳಗಾಗು ಅಂದರೆ ಆಗಲ್ಲ, ಸೀಳುತ್ತೆ. ಸುಮಾರು 200 ಡಿಗ್ರಿ ಸೆಲ್ಸಿಯಸ್ ದಾಟಿದರೆ ಬೇರೆ ಓಣಿಗಳೂ ತೆರೆದುಕೊಳ್ತವೆ. ಆದರೆ ಬಿಸಿ ಜಾಸ್ತಿಯಾದರೆ ಸಣ್ಣ ಕಣಗಳು ಮತ್ತೆ ದೊಡ್ಡವಾಗ್ತವೆ. ಅತ್ತ ದರಿ, ಇತ್ತ ಪುಲಿ.

ಶುರುವಿನಲ್ಲಿ ನನಗೆ ಅವಸರ. ತಣ್ಣಗಿದ್ದಾಗಲೇ ತಳ್ಳಿಬಿಟ್ಟೆ. ಒಳಗಿಂದ ‘ಟಕ್’ ಅಂತ ಸದ್ದು. ಅಚ್ಚು ಬಿಚ್ಚಿದರೆ ಸರಳು ಓರೆಓರೆಯಾಗಿ ಕತ್ತರಿಸಿದ ಬೆಂಡೆಕಾಯಿ ಥರ ತುಂಡುತುಂಡು. ಹಾಗೆ ಮೂರು ಸರಳು ಹೋದವು.

ದಾರಿ ತೋರಿಸಿದ್ದು ಬೆಂಗಳೂರಲ್ಲೇ ಆದ ಕೆಲಸ. ಭಾರತೀಯ ವಿಜ್ಞಾನ ಸಂಸ್ಥೆಯ ಮೆಟೀರಿಯಲ್ಸ್ ಎಂಜಿನಿಯರಿಂಗ್ ವಿಭಾಗದಲ್ಲಿ ಸತ್ಯಂ ಸುವಾಸ್ ಅವರ ತಂಡ ಟೆಕ್ಸ್‌ಚರ್ ಬಗ್ಗೆ ಬಹಳ ವರ್ಷಗಳಿಂದ ಕೆಲಸ ಮಾಡ್ತಿದೆ. 2010ರಲ್ಲಿ ಅವರು, ಸೋಮಜೀತ್ ಬಿಸ್ವಾಸ್ ಮತ್ತು ಸತ್ಯವೀರ್ ಧಿನ್ವಾಲ್ ಸೇರಿ ‘ಆಕ್ಟಾ ಮೆಟೀರಿಯಾಲಿಯಾ’ ಪತ್ರಿಕೆಯಲ್ಲಿ ಒಂದು ಪ್ರಬಂಧ ಬರೆದರು. ಶುದ್ಧ ಮೆಗ್ನೀಷಿಯಂ ಸರಳನ್ನ ಮೊದಲು ಬಿಸಿಯಲ್ಲಿ ತಳ್ಳೋದು, ಆಮೇಲೆ ಹಂತಹಂತವಾಗಿ ಬಿಸಿ ಇಳಿಸ್ತಾ ಬರೋದು, ಕೊನೆಗೆ ಕೋಣೆಯ ಉಷ್ಣತೆಯಲ್ಲೇ ತಳ್ಳೋದು. ಮುರೀಲಿಲ್ಲ! ಕಣಗಳು 1 ಮೈಕ್ರಾನ್‌ಗಿಂತ ಚಿಕ್ಕವಾದವು. ಮೊದಲ ಬಿಸಿ ಸುತ್ತುಗಳಲ್ಲಿ ಕಣ ಸಣ್ಣದಾಗಿ, ಜಾರೋ ಪದರಗಳು ಅನುಕೂಲದ ಓರೆಗೆ ಬಂದಿರ್ತವೆ. ಅಷ್ಟಾದ ಮೇಲೆ ತಣ್ಣಗಿದ್ದಾಗಲೂ ಲೋಹ ಏಟು ತಾಳಿಕೊಳ್ಳುತ್ತೆ. ಮೊದಲು ದಾರಿ ಮಾಡಿಕೊಟ್ಟು ಆಮೇಲೆ ನಡಿ ಅನ್ನೋದು.

ನಾನೂ ಹಾಗೇ ಮಾಡಿದೆ. ಸರಳು ಇಡಿಯಾಗಿ ಹೊರಗೆ ಬಂತು. ಆವತ್ತು ಲ್ಯಾಬಲ್ಲಿ ಎಲ್ಲರಿಗೂ ಮೈಸೂರ್‌ಪಾಕ್ ಹಂಚಿದೆ.

ಗುರುತು ಹಾಕದ ಮಗ್ಗುಲು

ಈಗ ತಪ್ಪಿನ ಕಥೆ. ಇಕ್ಯಾಪ್‌ನಲ್ಲಿ ಎಷ್ಟು ಸಲ ತಳ್ಳಿದಿರಿ ಅನ್ನೋದರ ಜೊತೆ, ಒಂದು ಸುತ್ತಿಗೂ ಮುಂದಿನ ಸುತ್ತಿಗೂ ನಡುವೆ ಸರಳನ್ನ ಹೇಗೆ ತಿರುಗಿಸಿದಿರಿ ಅನ್ನೋದೂ ಮುಖ್ಯ. ತಿರುಗಿಸದೆ ಹಾಗೇ ಹಾಕಿದರೆ ‘ಎ’ ದಾರಿ. ಪ್ರತಿ ಸಲ ಒಂದೇ ಕಡೆಗೆ 90 ಡಿಗ್ರಿ ತಿರುಗಿಸಿದರೆ ‘ಬಿಸಿ’ ದಾರಿ. ಹೆಸರೇ ಹಾಗೆ, ಬಿಸಿಗೂ ಇದಕ್ಕೂ ಸಂಬಂಧ ಇಲ್ಲ. 180 ಡಿಗ್ರಿ ತಿರುಗಿಸಿದರೆ ‘ಸಿ’ ದಾರಿ. ಒಂದು ಸುತ್ತಲ್ಲಿ ಆದ ಜಾರಾಟ ಮುಂದಿನ ಸುತ್ತಲ್ಲಿ ಉಲ್ಟಾ ಆಗುತ್ತೆ. ಏಟಿನ ಸಂಖ್ಯೆ ಅಷ್ಟೇ, ಬಲ ಅಷ್ಟೇ. ಆದರೆ ಮೂರು ದಾರಿಗೂ ಹರಳುಗಳ ಮುಖ ಬೇರೆಬೇರೆ.

ನನ್ನ ಎರಡು ಸರಳು. ಒಂದೇ ಗಟ್ಟಿಯಿಂದ ಕತ್ತರಿಸಿದ್ದು, ಒಂದೇ ಉಷ್ಣತೆ, ಅಷ್ಟೇ ಸುತ್ತು. ಎರಡೂ ‘ಬಿಸಿ’ ದಾರಿ ಅಂತ ಪುಸ್ತಕದಲ್ಲಿ ಬರೆದಿದ್ದೆ. ಎಳೆದು ನೋಡಿದರೆ ಒಂದು ಚೆನ್ನಾಗಿ ಹಿಗ್ಗಿತು, ಇನ್ನೊಂದು ಬೇಗ ಮುರೀತು. ಎಕ್ಸ್‌ರೇ ಬಿಟ್ಟು ಹರಳುಗಳ ದಿಕ್ಕಿನ ನಕ್ಷೆ ತೆಗೆದೆ. ಮೊದಲನೇದರಲ್ಲಿ ಗುರುತು ಒಂದೇ ಕಡೆ ಅಚ್ಚುಕಟ್ಟಾಗಿ ಇತ್ತು. ಎರಡನೇದರಲ್ಲಿ ಎರಡು ಕಡೆ ಕಲೆಸಿದ ಹಾಗೆ.

ಒಂದು ವಾರ ಮೆಷಿನ್ ಮೇಲೆ ಅನುಮಾನ ಪಟ್ಟೆ. ಆಮೇಲೆ ಹೊಳೀತು. ಸರಳು ಹೊರಗೆ ಬಂದ ಮೇಲೆ ಮತ್ತೆ ಸುರಂಗಕ್ಕೆ ಹಿಡಿಸೋಕೆ ಅಂಚನ್ನ ಉಜ್ಜಬೇಕು. ಉಜ್ಜುವಾಗ ಮಗ್ಗುಲಿಗೆ ಹಾಕಿದ್ದ ಮಾರ್ಕರ್ ಗುರುತು ಅಳಿಸಿಹೋಗಿತ್ತು. ನಾಲ್ಕು ಮಗ್ಗುಲೂ ಒಂದೇ ಥರ. ಅಂದಾಜಿನ ಮೇಲೆ ತಿರುಗಿಸಿ ಹಾಕಿದ್ದೆ. ಹಾಗಾದರೆ ಚೆನ್ನಾಗಿ ಬಂದ ಸರಳಿನಲ್ಲೂ ನಾನು ಸರಿಯಾಗೇ ತಿರುಗಿಸಿದ್ದೆ ಅನ್ನೋದಕ್ಕೆ ಏನು ಗ್ಯಾರಂಟಿ?

ಆಗ ಒಂದು ಸಮ್ಮೇಳನಕ್ಕೆ ನನ್ನ ಫಲಿತಾಂಶ ಕಳಿಸಿಯಾಗಿತ್ತು, ಒಪ್ಪಿಗೆಯೂ ಬಂದಿತ್ತು. ಕೆಟ್ಟ ಸರಳನ್ನ ‘ಇದೊಂದು ಅಪವಾದ’ ಅಂತ ಪಕ್ಕಕ್ಕಿಟ್ಟರೆ ಯಾರಿಗೂ ಗೊತ್ತಾಗ್ತಿರಲಿಲ್ಲ. ಫೆಲೋಶಿಪ್ ಮುಗಿಯೋಕೆ ಹೆಚ್ಚು ಕಾಲ ಉಳಿದಿರಲಿಲ್ಲ. ಮನೆಗೆ ತಿಂಗಳು ತಿಂಗಳು ದುಡ್ಡು ಕಳಿಸೋದು ನಾನೇ. ಎರಡು ರಾತ್ರಿ ನಿದ್ದೆ ಮಾಡಲಿಲ್ಲ. ಇದೇ ಸಂಖ್ಯೆ ನಂಬಿ ನಾಳೆ ಯಾರೋ ಸ್ಕ್ರೂ ಮಾಡಿದರೆ? ಅದು ಯಾರದೋ ತಮ್ಮನ ಕಾಲಿಗೆ ಹೋದರೆ? ಮೂರನೇ ದಿನ ಹೋಗಿ ಗೈಡ್‌ಗೆ ಹೇಳಿದೆ. ಅವರು ಬೈಯಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, “ವಾಪಸ್ ತಗೋ. ಮೊದಲಿಂದ ಮಾಡು” ಅಂದರು. ನಾಲ್ಕು ತಿಂಗಳ ಕೆಲಸ ನೀರುಪಾಲು.

“ಇಕ್ಕಳ ಬಿಡಬಾರದು”

ಆ ಬೇಸರದಲ್ಲೇ ಊರಿಗೆ ಹೋದೆ. ಕುಲುಮೆ ಮುಚ್ಚಿ ವರ್ಷಗಳಾಗಿವೆ. ಟ್ರ್ಯಾಕ್ಟರ್ ಬಂದ ಮೇಲೆ ಕುಳ ಹಣಿಸೋರಿಲ್ಲ, ಕುಡಗೋಲು ಸಂತೆಯಲ್ಲಿ ರೆಡಿಮೇಡ್ ಸಿಗುತ್ತೆ. ಅಜ್ಜ ಕಟ್ಟೆ ಮೇಲೆ ಕೂತಿದ್ದ. ಆದದ್ದನ್ನೆಲ್ಲ ಹೇಳಿದೆ. ಟೆಕ್ಸ್‌ಚರ್, ಮೈಕ್ರಾನ್ ಎಲ್ಲ ಬಿಟ್ಟು, ಸರಳಿನ ಮಗ್ಗುಲು ಮರೆತುಹೋಯ್ತು ಅಂತಷ್ಟೇ.

ಅಜ್ಜ ಮೂಲೆಯಲ್ಲಿದ್ದ ಹಳೇ ಇಕ್ಕಳ ತರಿಸಿಕೊಂಡ. ಒಂದು ಕಡ್ಡಿ ಹಿಡಿದು ತೋರಿಸಿದ. “ನೋಡವ್ವ, ಒಂದೇಟು ಹಾಕಿದ ಮ್ಯಾಲೆ ಹಿಂಗೆ ಹೊಳ್ಳಿಸ್ತೀನಿ. ಇನ್ನೊಂದೇಟು, ಮತ್ತೆ ಹೊಳ್ಳಿಸ್ತೀನಿ. ನಡುವೆ ಇಕ್ಕಳ ಬಿಡಬಾರದು. ಬಿಟ್ರೆ ಯಾವ ಮಗ್ಗಲಿಗೆ ಬಡಿದಿದ್ದೆ ಅಂಬೋದು ಕೈಗೆ ಮರೀತೈತೆ.”

ಇಲ್ಲಿ ಒಂದು ಮಾತು ಸ್ಪಷ್ಟ ಮಾಡ್ತೀನಿ. ‘ನಮ್ಮ ಹಿರಿಯರಿಗೆ ಎಲ್ಲ ಗೊತ್ತಿತ್ತು’ ಅನ್ನೋ ವಾಟ್ಸಾಪ್ ಕಥೆ ಇದಲ್ಲ. ಅಜ್ಜ ತಿರುಗಿಸ್ತಿದ್ದುದು ಸರಳು ಚೌಕವಾಗಿ, ನೆಟ್ಟಗೆ ಬರಲಿ ಅಂತ. ಅವನ ಕಬ್ಬಿಣ ಕೆಂಪಗೆ ಕಾದಿರ್ತಿತ್ತು. ಅಷ್ಟು ಬಿಸಿಯಲ್ಲಿ ಏಟು ತಿಂದ ಕಣಗಳು ಹೋಗಿ ಹೊಸ ಕಣ ಹುಟ್ಟುತ್ತವೆ, ಹಾಗಾಗಿ ಸಣ್ಣಪುಟ್ಟ ತಪ್ಪು ಮಾಫಿ. ಕಬ್ಬಿಣದಲ್ಲಿ ಜಾರೋಕೆ ಓಣಿಗಳೂ ಧಾರಾಳ. ನನ್ನ ಮೆಗ್ನೀಷಿಯಂ ಅಷ್ಟು ಉದಾರಿ ಅಲ್ಲ. ತಣ್ಣಗಿದ್ದಾಗ ಬಿದ್ದ ಪ್ರತಿ ಏಟನ್ನೂ, ಅದು ಬಂದ ದಿಕ್ಕನ್ನೂ ಮನಸ್ಸಲ್ಲಿ ಇಟ್ಟುಕೊಳ್ಳುತ್ತೆ. ಅಜ್ಜನಿಂದ ನನಗೆ ಸಿಕ್ಕಿದ್ದು ಶಿಸ್ತು: ಯಾವ ಮಗ್ಗುಲಿಗೆ ಬಡಿದೆ ಅನ್ನೋದು ಮರೆತರೆ ಎಷ್ಟು ಬಡಿದೆ ಅನ್ನೋ ಲೆಕ್ಕಕ್ಕೆ ಬೆಲೆ ಇಲ್ಲ.

ವಾಪಸ್ ಬಂದ ಮೇಲೆ ನಾನು ಮಾಡಿದ ಬದಲಾವಣೆ ತೀರಾ ಸಣ್ಣದು. ಸರಳಿನ ಹಿಂತುದಿಗೆ, ಒಂದೇ ಮಗ್ಗುಲಿಗೆ, ಅರದಿಂದ ಒಂದು ಕಚ್ಚು. ಉಜ್ಜುವಾಗ ಆ ತುದಿ ಮುಟ್ಟೋ ಹಾಗಿಲ್ಲ. ಪ್ರತಿ ಸುತ್ತಿಗೂ ಮುಂಚೆ, ಸುತ್ತು ಮುಗಿದ ಮೇಲೆ ಫೋನಲ್ಲಿ ಒಂದು ಫೋಟೋ, ಪುಸ್ತಕದಲ್ಲಿ ಒಂದು ಸಾಲು. ಮೂರು ದಾರಿಯಲ್ಲೂ ಹೊಸ ಸರಳು ಮಾಡಿದೆ. ಈ ಸಲ ಒಂದೊಂದು ದಾರಿಗೂ ನಕ್ಷೆ ಬೇರೆ. ಅದೇ ದಾರಿಯಲ್ಲಿ ಇನ್ನೊಂದು ಸರಳು ಮಾಡಿದರೆ ಅದೇ ನಕ್ಷೆ ಮತ್ತೆ ಬಂತು. ಅದು ಮತ್ತೆ ಬಂದಿದ್ದು ನೋಡಿ ನನಗಾದ ಸಮಾಧಾನ ಮೈಸೂರ್‌ಪಾಕ್ ದಿನಕ್ಕಿಂತ ದೊಡ್ಡದು.

ಸ್ಕ್ರೂ ಆಯ್ತಾ ಅಂತ ಕೇಳಬೇಡಿ, ಇನ್ನೂ ಬಹಳ ದೂರ ಇದೆ. ಅದು ದೇಹದಲ್ಲಿ ಎಷ್ಟು ಬೇಗ ಕರಗುತ್ತೆ ಅನ್ನೋದೇ ಬೇರೆ ಪರೀಕ್ಷೆ. ತಮ್ಮನ ಎರಡನೇ ಆಪರೇಷನ್ ಮುಗೀತು, ಸಾಲ ಇನ್ನೂ ತೀರಿಲ್ಲ. ನನ್ನ ಥೀಸಿಸ್ ಮುಗಿಯೋದು ಒಂದು ವರ್ಷ ತಡ ಆಗಬಹುದು.

ಈ ವಿಷಯ ಇಷ್ಟ ಆದವರಿಗೆ ಒಂದು ಮಾತು: ಪಿಯುಸಿ ಸೈನ್ಸ್ ಆದ ಮೇಲೆ ಎಲ್ಲರೂ ಕಂಪ್ಯೂಟರ್ ಸೈನ್ಸ್ ಅಂತಾರೆ. ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಮೆಟಲರ್ಜಿ ಓದಬಹುದು. ಅಲ್ಲಿಂದ ಗೇಟ್ ಪರೀಕ್ಷೆ ಬರೆದು ಮುಂದೆ ಹೋಗಬಹುದು. ನಮ್ಮ ಜಿಲ್ಲೆಗಳ ಅದಿರು, ಉಕ್ಕು ಕಣ್ಣೆದುರಿಗೇ ಇದೆ. ಅದರ ಒಳಗೇನಿದೆ ಅಂತ ನೋಡೋರೂ ನಮ್ಮಲ್ಲಿಂದಲೇ ಬರಲಿ.

ಹೋದ ಸಲ ಊರಿಗೆ ಹೋದಾಗ ಒಂದು ಸಣ್ಣ ತುಂಡು ಅಜ್ಜನ ಕೈಗೆ ಕೊಟ್ಟೆ. ಬೆಳ್ಳಿ ಥರ ಹೊಳೀತಿತ್ತು. ಅಂಗೈಯಲ್ಲಿ ತೂಗಿ ನೋಡಿದ. ಹೊಳ್ಳಿಸಿ ಹೊಳ್ಳಿಸಿ ನಾನು ಹಾಕಿದ್ದ ಕಚ್ಚು ಹುಡುಕಿ, ಉಗುರಿಂದ ಮುಟ್ಟಿ ನೋಡಿದ. ಆಮೇಲೆ ವಾಪಸ್ ಕೊಟ್ಟು, “ಇಷ್ಟು ಹಗುರಾದ್ರೆ ಕುಡಗೋಲಿಗೆ ಬರಂಗಿಲ್ಲ ಬಿಡವ್ವ” ಅಂದ.